‘ಜರ್ಮನಿಯಲ್ಲಿ ಓದು ಫ್ರೀ’ ಅಂತಾರೆ. ಹಾಗಾದ್ರೆ ತಿಪಟೂರಿನ ಮನೆಗೆ 27 ಲಕ್ಷ ಯಾಕೆ ಬೇಕು?

ತಿಪಟೂರು: ಎಂಜಿನಿಯರಿಂಗ್ ಕೊನೇ ವರ್ಷದ ಮಕ್ಕಳಿರುವ ಮನೆಗಳಲ್ಲಿ ಈಗ ಒಂದೇ ಮಾತು. “ಬೆಂಗಳೂರಲ್ಲಿ ಕೆಲಸ ಸಿಗೋದು ಕಷ್ಟ ಆಗಿದೆ, ಎಂ.ಎಸ್. ಮಾಡೋಕೆ ಹೊರಗೆ ಹೋಗ್ತೀನಿ.” ಐದಾರು ವರ್ಷದ ಹಿಂದೆ ಹೊರಗೆ ಅಂದ್ರೆ ಅಮೆರಿಕ, ಇಲ್ಲವೇ ಕೆನಡಾ. ಈಗ ಜರ್ಮನಿ. ಕಾರಣ ಕೇಳಿದ್ರೆ ಉತ್ತರ ರೆಡಿ: “ಅಲ್ಲಿ ಫೀಸೇ ಇಲ್ಲ.”

ಮಾತು ಸುಳ್ಳಲ್ಲ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ವಿದ್ಯಾರ್ಥಿಗಳಿಗೂ ಬೋಧನಾ ಶುಲ್ಕ ಇಲ್ಲ. ಆದರೆ ಫೀಸ್ ಇಲ್ಲ ಎಂದ ಮಾತ್ರಕ್ಕೆ ಖರ್ಚಿಲ್ಲ ಎಂದಲ್ಲ. ಖರ್ಚು ಬೇರೆ ಬಾಗಿಲಿಂದ ಬರುತ್ತದೆ. ಸೀಟು ಸಿಕ್ಕ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಅದಾದ ಮೇಲಿನ ಮೂರು ತಿಂಗಳು, ಅಲ್ಲಿ ಇಳಿದ ನಂತರದ ಎರಡು ತಿಂಗಳು ಮತ್ತು ಎರಡನೇ ವರ್ಷದ ಶುರು, ಈ ಮೂರು ಜಾಗದಲ್ಲೇ ಸಂಸಾರಗಳು ಸಿಕ್ಕಿಬೀಳುವುದು. ಇಲ್ಲಿ ಲೆಕ್ಕ ಹಾಕಬೇಕಾದವರು ವಿದ್ಯಾರ್ಥಿಯಷ್ಟೇ ಅಲ್ಲ, ಸಾಲಕ್ಕೆ ಸಹಿ ಹಾಕುವ ಅಪ್ಪ ಅಮ್ಮನೂ ಹೌದು.

ದಾರಿ ಜರ್ಮನಿ ಕಡೆ ತಿರುಗಿದ್ದು ಯಾಕೆ?

ಬೇರೆ ದೇಶಗಳು ಒಂದೊಂದಾಗಿ ಬಾಗಿಲು ಬಿಗಿ ಮಾಡಿದವು. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರ್ಮಿಟ್‌ಗಳಿಗೆ ಮಿತಿ ಹೇರಿತು, ತೋರಿಸಬೇಕಾದ ಹಣವನ್ನು 10 ಸಾವಿರ ಡಾಲರ್‌ನಿಂದ 20,635 ಡಾಲರ್‌ಗೆ ಏರಿಸಿತು. ಅದೇ ತಿಂಗಳಿಂದ ಬ್ರಿಟನ್, ಹೆಚ್ಚಿನ ಮಾಸ್ಟರ್ಸ್ ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವುದನ್ನು ನಿಲ್ಲಿಸಿತು. ಆಸ್ಟ್ರೇಲಿಯಾ 2024ರ ಜುಲೈನಲ್ಲಿ ವಿದ್ಯಾರ್ಥಿ ವೀಸಾ ಶುಲ್ಕವನ್ನು 710 ಡಾಲರ್‌ನಿಂದ 1,600 ಡಾಲರ್‌ಗೆ ತಂದಿತು. ಅಮೆರಿಕ 2025ರ ಮೇ ಕೊನೆಯಲ್ಲಿ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳನ್ನೇ ಕೆಲವು ವಾರ ತಡೆಹಿಡಿದಿತ್ತು.

ಇನ್ನೊಂದು ಕಡೆ ಜರ್ಮನಿಯಲ್ಲಿ ಭಾರತೀಯರ ಸಂಖ್ಯೆ ಏರುತ್ತಲೇ ಹೋಯಿತು. 2022-23ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಸುಮಾರು 43 ಸಾವಿರ ಇದ್ದವರು ಮರುವರ್ಷ 49 ಸಾವಿರ ದಾಟಿದರು, 2024-25ರಲ್ಲಿ ಸುಮಾರು 59 ಸಾವಿರ ಮುಟ್ಟಿದರು. ಚೀನಾದವರನ್ನು ಹಿಂದೆ ಹಾಕಿ ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರೇ ಮೊದಲ ಸ್ಥಾನದಲ್ಲಿದ್ದಾರೆ. ಜನ ಹೆಚ್ಚಾದಂತೆ ವೀಸಾ ಕ್ಯೂ ಉದ್ದವಾಗಿದೆ, ರೂಮಿಗೆ ಕಿತ್ತಾಟ ಹೆಚ್ಚಿದೆ, ಏಜೆಂಟರ ಬೋರ್ಡುಗಳೂ ಹೆಚ್ಚಿವೆ.

ಫ್ರೀ ಅನ್ನೋದರ ಒಳಗಿನ ಲೆಕ್ಕ

ಬೋಧನಾ ಶುಲ್ಕ ಇಲ್ಲದ ಕಡೆಯೂ ಪ್ರತಿ ಸೆಮಿಸ್ಟರ್‌ಗೆ ಸಾಮಾನ್ಯವಾಗಿ 100ರಿಂದ 400 ಯೂರೋ ಸೆಮಿಸ್ಟರ್ ವಂತಿಗೆ ಇರುತ್ತದೆ. ಬಹಳ ಕಡೆ ಬಸ್, ರೈಲಿನ ಪಾಸ್ ಇದರಲ್ಲೇ ಸೇರಿರುತ್ತದೆ. ಎಲ್ಲಾ ರಾಜ್ಯದಲ್ಲೂ ಫೀಸ್ ಇಲ್ಲ ಎಂದೂ ಅಂದುಕೊಳ್ಳಬಾರದು. ಸ್ಟಟ್‌ಗಾರ್ಟ್, ಹೈಡೆಲ್‌ಬರ್ಗ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದಲೇ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ವಸೂಲಿ ಮಾಡುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024-25ರಿಂದ ಹೊಸದಾಗಿ ಸೇರುವ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 4 ಸಾವಿರದಿಂದ 6 ಸಾವಿರ ಯೂರೋ ನಿಗದಿ ಮಾಡಿದೆ.

ದೊಡ್ಡ ಮೊತ್ತ ಬೇರೆಯೇ ಇದೆ. ಅದರ ಹೆಸರು ‘ಬ್ಲಾಕ್ಡ್ ಅಕೌಂಟ್’. ಒಂದು ವರ್ಷ ಅಲ್ಲಿ ಜೀವನ ಮಾಡುವಷ್ಟು ಹಣ ವಿದ್ಯಾರ್ಥಿಯ ಹತ್ತಿರ ಇದೆ ಎಂದು ವೀಸಾಗೆ ಮೊದಲೇ ತೋರಿಸಬೇಕು. ಹೆಚ್ಚಿನವರು ಇದಕ್ಕಾಗಿ ಒಂದು ವಿಶೇಷ ಖಾತೆ ತೆರೆದು ಪೂರ್ತಿ ಹಣ ಕಟ್ಟುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ ವರ್ಷಕ್ಕೆ 11,904 ಯೂರೋ. ಅಲ್ಲಿ ಹೋದ ಮೇಲೆ ಖಾತೆಯಿಂದ ತಿಂಗಳಿಗೆ 992 ಯೂರೋ ಮಾತ್ರ ಬಿಡುಗಡೆಯಾಗುತ್ತದೆ.

ಸುಲಭಕ್ಕೆ ಯೂರೋಗೆ 100 ರೂಪಾಯಿ ಎಂದು ಹಿಡಿದರೆ ಇದು 11.90 ಲಕ್ಷ ರೂಪಾಯಿ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ, 2025ರ ಹಂಗಾಮಿಗೆ ಕೇಂದ್ರ ಘೋಷಿಸಿದ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿ. ಆ ದರದಲ್ಲಿ 98 ಕ್ವಿಂಟಾಲ್ ಕೊಬ್ಬರಿ ಮಾರಿದರೆ ಒಂದು ವರ್ಷದ ಬ್ಲಾಕ್ಡ್ ಅಕೌಂಟ್ ತುಂಬುತ್ತದೆ. ಯೂರೋ ಬೆಲೆ ಒಂದು ರೂಪಾಯಿ ಏರಿದರೆ ಸುಮ್ಮನೆ 12 ಸಾವಿರ ರೂಪಾಯಿ ಹೆಚ್ಚುವರಿ.

ಉಳಿದ ಖರ್ಚಿನ ಅಂದಾಜು ಹೀಗಿದೆ:

• ಅಂಕಪಟ್ಟಿ ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರ: 18,000 ರೂ. 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ.
• ಇಂಗ್ಲಿಷ್ ಪರೀಕ್ಷೆ: ಸುಮಾರು 18,000 ರೂ.
• ಅರ್ಜಿ: ಬಹಳ ವಿ.ವಿ.ಗಳು ‘ಯೂನಿ-ಅಸಿಸ್ಟ್’ ಮೂಲಕ ಅರ್ಜಿ ಪಡೆಯುತ್ತವೆ. ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿಯೊಂದಕ್ಕೆ 30. ಐದು ಕಡೆ ಹಾಕಿದರೆ ಸುಮಾರು 19,500 ರೂ.
• ವೀಸಾ ಶುಲ್ಕ: 75 ಯೂರೋ, ಸುಮಾರು 7,500 ರೂ.
• ವಿಮಾನ ಟಿಕೆಟ್: 50,000 ರೂ. ಎಂದಿಟ್ಟುಕೊಂಡರೆ
• ಮೊದಲ ಎರಡು ತಿಂಗಳ ಕೈಖರ್ಚು, ರೂಮ್ ಅಡ್ವಾನ್ಸ್: 2,000 ಯೂರೋ, ಅಂದರೆ 2 ಲಕ್ಷ ರೂ.

ಇವೆಲ್ಲ ಸೇರಿ 3 ಲಕ್ಷದ ಮೇಲೆ. ಬ್ಲಾಕ್ಡ್ ಅಕೌಂಟ್ ಕೂಡಿಸಿದರೆ ವಿಮಾನ ಹತ್ತುವಷ್ಟರಲ್ಲಿ 15 ಲಕ್ಷ. ಮಾಸ್ಟರ್ಸ್ ಎರಡು ವರ್ಷದ್ದು. ಎರಡನೇ ವರ್ಷದ ಜೀವನಕ್ಕೆ ಮತ್ತೆ ಅಷ್ಟೇ ಬೇಕು. ಒಟ್ಟು 27 ಲಕ್ಷ. ಇದು ಫೀಸ್ ಇಲ್ಲದ ಕಡೆಯ ಲೆಕ್ಕ.

ಏಜೆಂಟ್ ತೋರಿಸುವ ಕಾಲೇಜು ಯಾವುದು?

“ಏಜೆಂಟ್ ಎಲ್ಲಾ ನೋಡ್ಕೊಳ್ತಾರೆ” ಎಂಬ ಮಾತು ಕೇಳಿದಾಗ ಮನೆಯವರು ಒಂದು ಪ್ರಶ್ನೆ ಕೇಳಬೇಕು: ಅವರಿಗೆ ದುಡ್ಡು ಕೊಡೋದು ಯಾರು? ಸರ್ಕಾರಿ ವಿ.ವಿ.ಗಳು ವಿದ್ಯಾರ್ಥಿಯನ್ನು ಕಳಿಸಿದ್ದಕ್ಕೆ ಸಾಮಾನ್ಯವಾಗಿ ಕಮಿಷನ್ ಕೊಡುವುದಿಲ್ಲ. ಫೀಸ್ ಪಡೆಯುವ ಖಾಸಗಿ ಸಂಸ್ಥೆಗಳಲ್ಲಿ ಹಲವು ಕೊಡುತ್ತವೆ. ಹಾಗಾಗಿ ‘ಜರ್ಮನಿ ಫ್ರೀ’ ಎಂಬ ಬೋರ್ಡ್ ನೋಡಿ ಒಳಗೆ ಹೋದ ಹುಡುಗ, ಫೀಸ್ ಕಟ್ಟುವ ಖಾಸಗಿ ವಿ.ವಿ.ಯ ಆಫರ್ ಲೆಟರ್ ಹಿಡಿದು ಹೊರಗೆ ಬಂದರೆ ಆಶ್ಚರ್ಯವಿಲ್ಲ. “ಇಲ್ಲಿ ಬೇಗ ಸೀಟ್ ಸಿಗುತ್ತೆ, ಮಾರ್ಕ್ಸ್ ಕಮ್ಮಿ ಇದ್ರೂ ಪರವಾಗಿಲ್ಲ” ಎಂಬುದು ಜೊತೆಗೆ ಬರುವ ಮಾತು.

ಖಾಸಗಿಯೆಲ್ಲ ಕೆಟ್ಟದ್ದಲ್ಲ. ಆದರೆ 2025ರಲ್ಲಿ ಬರ್ಲಿನ್‌ನ ಖಾಸಗಿ ವಿ.ವಿ.ಯೊಂದಕ್ಕೆ ಸೇರಿದ್ದ ಭಾರತೀಯ ವಿದ್ಯಾರ್ಥಿಗಳಿಗೆ ದೇಶ ಬಿಡುವಂತೆ ನೋಟಿಸ್ ಬಂದದ್ದು ದೊಡ್ಡ ಸುದ್ದಿಯಾಯಿತು. ಅವರ ಕೋರ್ಸ್‌ನ ಹೆಚ್ಚಿನ ಪಾಠ ಆನ್‌ಲೈನ್‌ನಲ್ಲಿದೆ, ಅದಕ್ಕಾಗಿ ಜರ್ಮನಿಯಲ್ಲೇ ಇರಬೇಕಾಗಿಲ್ಲ ಎಂಬುದು ಅಲ್ಲಿನ ವಿದೇಶಿಯರ ಕಚೇರಿಯ ವಾದ. ಫೀಸ್ ಕಟ್ಟಿ, ಸಾಲ ಮಾಡಿ, ಅಲ್ಲಿಗೆ ಹೋದ ಮೇಲೆ ಬಂದ ನೋಟಿಸ್ ಅದು.

ಆದ್ದರಿಂದ ಸಹಿ ಹಾಕುವ ಮೊದಲು ನೋಡಬೇಕಾದದ್ದು ಮೂರು. ವಿ.ವಿ. ಸರ್ಕಾರಿಯೋ ಖಾಸಗಿಯೋ? ಜರ್ಮನಿಯ ‘ಅನಾಬಿನ್’ ಪಟ್ಟಿಯಲ್ಲಿ ಅದಕ್ಕೆ ‘ಎಚ್ ಪ್ಲಸ್’ ಮಾನ್ಯತೆ ಇದೆಯೋ? ಪಾಠ ಪೂರ್ತಿ ಕ್ಲಾಸಿನಲ್ಲೋ, ಅರ್ಧ ಆನ್‌ಲೈನೋ? ಕೋರ್ಸ್‌ಗಳ ವಿವರ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್‌ನ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಅರ್ಜಿಯನ್ನೂ ವಿದ್ಯಾರ್ಥಿಯೇ ಹಾಕಬಹುದು. ಏಜೆಂಟರ ಸಹಾಯ ಪಡೆದರೂ ಅರ್ಜಿಯ ಇಮೇಲ್ ಮತ್ತು ಪಾಸ್‌ವರ್ಡ್ ಮಕ್ಕಳ ಕೈಯಲ್ಲೇ ಇರಬೇಕು.

ಪಿಯುಸಿ ಮುಗಿಸಿದವರಿಗೂ ಒಂದು ಮಾತು. ಪಿಯುಸಿ ಆದ ಕೂಡಲೇ ಜರ್ಮನಿಯ ಡಿಗ್ರಿಗೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ. ಇಲ್ಲಿ ಒಂದು ವರ್ಷ ಡಿಗ್ರಿ ಓದಿ ಪಾಸಾಗಿರಬೇಕು, ಇಲ್ಲವೇ ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಅರ್ಹತೆ ಪಡೆದಿರಬೇಕು, ಇಲ್ಲವೇ ಅಲ್ಲಿ ‘ಸ್ಟುಡಿಯನ್‌ಕೊಲೆಗ್’ ಎಂಬ ಒಂದು ವರ್ಷದ ಪೂರ್ವಸಿದ್ಧತಾ ಕೋರ್ಸ್ ಮುಗಿಸಬೇಕು. ಇದನ್ನು ಬಿಟ್ಟು “ನೇರ ಸೀಟ್ ಮಾಡ್ಕೊಡ್ತೀವಿ” ಅಂದರೆ ಎಚ್ಚರ.

ತೋಟ ಇದೆ, ಆದರೆ ಬ್ಯಾಂಕ್ ಒಪ್ಪಲ್ಲ

ನಮ್ಮ ತಾಲ್ಲೂಕಿನ ಬಹಳ ಮನೆಗಳು ಎಡವುವುದು ಇಲ್ಲಿಯೇ. ನಾಲ್ಕು ಎಕರೆ ತೆಂಗಿನ ತೋಟ ಇದೆ, ಪಹಣಿ ಇದೆ, ಸಾಲ ಸಿಕ್ಕೇ ಸಿಗುತ್ತೆ ಎಂದು ಧೈರ್ಯವಾಗಿರುತ್ತಾರೆ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಹೆಚ್ಚಿನ ಬ್ಯಾಂಕ್‌ಗಳು ಅಡಮಾನವಾಗಿ ಒಪ್ಪುವುದಿಲ್ಲ. ಕಾರಣ ಕಾನೂನಿನಲ್ಲಿದೆ. ಸಾಲ ತೀರದಿದ್ದಾಗ ಕೋರ್ಟಿಗೆ ಹೋಗದೆಯೇ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕ್‌ಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ರೈತನಿಗೆ ರಕ್ಷಣೆಯಾಗಿರುವ ನಿಯಮವೇ ಮಗನ ಓದಿನ ಸಾಲಕ್ಕೆ ಅಡ್ಡ ಬರುತ್ತದೆ.

ಹಾಗಾಗಿ ಬ್ಯಾಂಕ್ ಕೇಳುವುದು ಪಟ್ಟಣದ ಮನೆ, ಸೈಟು, ಅಂಗಡಿ ಮಳಿಗೆ ಅಥವಾ ಎಫ್‌ಡಿ. ಸೈಟು ಪಂಚಾಯ್ತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು, ನಗರಸಭೆಯಲ್ಲಿದ್ದರೆ ಇ-ಖಾತೆ. 11-ಬಿ ಇದ್ದರೆ ಬ್ಯಾಂಕ್‌ಗಳು ಹಿಂಜರಿಯುತ್ತವೆ. ಆಸ್ತಿ ಇನ್ನೂ ತಾತನ ಹೆಸರಲ್ಲಿದ್ದರೆ ಪೌತಿ ಖಾತೆ, ಭಾಗಪತ್ರ, ಅಣ್ಣತಮ್ಮಂದಿರ ಒಪ್ಪಿಗೆ ಎಲ್ಲಾ ಆಗಬೇಕು. ಇವು ಒಂದು ವಾರದ ಕೆಲಸವಲ್ಲ. ಸೀಟು ಬಂದ ಮೇಲೆ ಜುಲೈನಲ್ಲಿ ತಾಲ್ಲೂಕು ಕಚೇರಿಗೆ ಓಡಾಡಲು ಶುರು ಮಾಡಿದರೆ ಸೆಮಿಸ್ಟರ್ ಕೈತಪ್ಪುತ್ತದೆ. ಮಗ ಏಳನೇ ಸೆಮಿಸ್ಟರ್‌ನಲ್ಲಿದ್ದಾಗಲೇ ಆಸ್ತಿ ಪತ್ರ ಸರಿ ಮಾಡಿಸುವುದು ಜಾಣತನ.

ಸಾಮಾನ್ಯವಾಗಿ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಕಿಲ್ಲ. ಅದಕ್ಕಿಂತ ಹೆಚ್ಚಿಗೆ ಆಸ್ತಿ ಕೇಳುತ್ತಾರೆ. ವಿದೇಶದ ಓದಾದರೆ ಖರ್ಚಿನ ಶೇ 15ರಷ್ಟನ್ನು ಮನೆಯವರೇ ಹಾಕಿಕೊಳ್ಳಬೇಕು ಎನ್ನುವ ನಿಯಮ ಸಾಮಾನ್ಯ. ಬ್ಲಾಕ್ಡ್ ಅಕೌಂಟ್‌ಗೂ ಸಾಲ ಸಿಗುತ್ತದೆಯೇ ಎಂದು ಮ್ಯಾನೇಜರ್ ಹತ್ತಿರ ಮೊದಲೇ ಕೇಳಬೇಕು. ಫೀಸೇ ಇಲ್ಲದ ವಿ.ವಿ.ಯಾದ್ದರಿಂದ ಸಾಲದ ಬಹುಪಾಲು ಅದಕ್ಕೇ ಬೇಕಾಗುವುದು.

ಅಂಗಡಿ ನಡೆಸುವವರಿಗೆ ಇನ್ನೊಂದು ವಿಷಯ. ಸಾಲಕ್ಕೆ ಅಪ್ಪ ಅಥವಾ ಅಮ್ಮ ಸಹ-ಅರ್ಜಿದಾರರಾಗಬೇಕು. ಬ್ಯಾಂಕ್ ಎರಡು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಕೇಳುತ್ತದೆ. “ನಮ್ಮದು ಕ್ಯಾಶ್ ವ್ಯಾಪಾರ, ರಿಟರ್ನ್ಸ್ ಹಾಕಿಲ್ಲ” ಅಂದರೆ ಎಷ್ಟೇ ಚೆನ್ನಾಗಿ ವ್ಯಾಪಾರ ನಡೆಯುತ್ತಿದ್ದರೂ ಕಾಗದದ ಮೇಲೆ ಆದಾಯವೇ ಇಲ್ಲ. ಹಿಂದಿನ ವರ್ಷಗಳದ್ದನ್ನು ಒಟ್ಟಿಗೆ ಹಾಕಿ ತೋರಿಸಿದರೆ ಬ್ಯಾಂಕ್ ಅನುಮಾನ ಪಡುತ್ತದೆ. ಮಕ್ಕಳು ಡಿಗ್ರಿ ಸೇರಿದ ವರ್ಷದಿಂದಲೇ ಸಕಾಲಕ್ಕೆ ರಿಟರ್ನ್ಸ್ ಹಾಕುತ್ತಾ ಬಂದರೆ ಈ ತಾಪತ್ರಯ ಇಲ್ಲ.

ಸ್ವಂತ ಹಣ ಕಳಿಸುವವರು ಟಿಸಿಎಸ್ ಎಂಬ ತೆರಿಗೆಯನ್ನೂ ಗಮನಿಸಬೇಕು. ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ಮೀರಿ ಕಳಿಸಿದರೆ ಮೀರಿದ ಭಾಗದ ಮೇಲೆ ಬ್ಯಾಂಕ್ ಇದನ್ನು ಹಿಡಿದುಕೊಳ್ಳುತ್ತದೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 7 ಲಕ್ಷ ಇತ್ತು. ಬ್ಯಾಂಕಿನ ಶಿಕ್ಷಣ ಸಾಲದ ಹಣವಾದರೆ ಟಿಸಿಎಸ್ ಇಲ್ಲ. ಹಿಡಿದ ಹಣವನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ರಿಟರ್ನ್ಸ್ ಹಾಕದವರಿಗೆ ಅದು ಹೋದಂತೆಯೇ.

ಬ್ಯಾಂಕ್ ಇಲ್ಲ ಅಂದಾಗ ಕೈ ಹೋಗುವುದು ಕೈಸಾಲ, ಚೀಟಿ, ಚಿನ್ನದ ಕಡೆಗೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ 24. ಐದು ಲಕ್ಷ ಕೈಸಾಲಕ್ಕೆ ತಿಂಗಳಿಗೆ 10 ಸಾವಿರ ಬಡ್ಡಿಯೇ ಆಯಿತು, ಎರಡು ವರ್ಷಕ್ಕೆ 2.40 ಲಕ್ಷ. ಬ್ಯಾಂಕಿನಲ್ಲೇ ಶೇ 10ಕ್ಕೆ 15 ಲಕ್ಷ ಸಿಕ್ಕರೂ ವರ್ಷದ ಬಡ್ಡಿ 1.50 ಲಕ್ಷ. ಓದು ಮುಗಿಯುವವರೆಗೆ ಕಂತು ಕಟ್ಟಬೇಕಿಲ್ಲ ಎಂದರೆ ಬಡ್ಡಿ ಬೆಳೆಯುವುದಿಲ್ಲ ಎಂದರ್ಥವಲ್ಲ. “ವೀಸಾಗೆ ದುಡ್ಡು ನಾವು ತೋರಿಸ್ತೀವಿ, ಆಮೇಲೆ ವಾಪಸ್ ತಗೋತೀವಿ” ಎನ್ನುವವರ ಸಹವಾಸವಂತೂ ಬೇಡವೇ ಬೇಡ. ಆ ಹಣ ವಾಪಸ್ ಹೋದ ಮೇಲೆ ಹುಡುಗ ಅಲ್ಲಿ ಊಟ ಮಾಡುವುದು ಯಾವುದರಲ್ಲಿ?

ಸರ್ಕಾರದ ನೆರವೂ ಇದೆ, ಕೇಳುವವರು ಕಡಿಮೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯದವರ ಜೊತೆಗೆ ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಇದೆ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಸಾಲ ಯೋಜನೆಗಳಿವೆ. ಅರ್ಜಿ ಕರೆಯುವ ದಿನಾಂಕ, ಷರತ್ತುಗಳನ್ನು ಇಲಾಖೆಯ ಕಚೇರಿಯಲ್ಲೇ ವಿಚಾರಿಸಬೇಕು.

ಇನಿಷಿಯಲ್ ಎಂಬ ತಲೆನೋವು

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಇನಿಷಿಯಲ್ ಇಲ್ಲ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ನಮ್ಮ ಕಡೆ ಇದು ಮಾಮೂಲಿ. ಆದರೆ ಜರ್ಮನಿಯ ಅಧಿಕಾರಿಗೆ ಈ ಮೂರು ಹೆಸರು ಮೂರು ಬೇರೆ ಜನರಂತೆ ಕಾಣಬಹುದು. ಪಾಸ್‌ಪೋರ್ಟ್ ಮಾಡಿಸುವಾಗಲೇ ಇನಿಷಿಯಲ್ ಬಿಡಿಸಿ ಬರೆಸಬೇಕು, ಹೆಸರು ಮತ್ತು ಸರ್‌ನೇಮ್ ಎರಡೂ ಕಾಲಂ ತುಂಬಿಸಬೇಕು. ಮುಂದೆ ವಿ.ವಿ. ಅರ್ಜಿ, ಎಪಿಎಸ್, ಇಂಗ್ಲಿಷ್ ಪರೀಕ್ಷೆ, ಬ್ಯಾಂಕ್, ಟಿಕೆಟ್ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಬರೆಯಬೇಕು. ಹಳೇ ಅಂಕಪಟ್ಟಿಯ ವ್ಯತ್ಯಾಸಕ್ಕೆ ನೋಟರಿ ಅಫಿಡವಿಟ್ ಇಟ್ಟುಕೊಳ್ಳಬೇಕು.

ಎಲ್ಲಾ ಸೆಮಿಸ್ಟರ್‌ನ ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟ್, ಪದವಿ ಪ್ರಮಾಣಪತ್ರ ಇವೆಲ್ಲ ವಿಶ್ವವಿದ್ಯಾಲಯದಿಂದ ಬರಬೇಕಾದವು. ತಡವಾಗುವುದು ಸಹಜ. ಎಪಿಎಸ್‌ಗೂ ವಾರಗಟ್ಟಲೆ ಹಿಡಿಯುತ್ತದೆ. ಒರಿಜಿನಲ್‌ಗಳನ್ನು ಏಜೆಂಟರ ಆಫೀಸಿನಲ್ಲಿ ಬಿಟ್ಟು ಬರುವುದು ತಪ್ಪು, ಸ್ಕ್ಯಾನ್ ಪ್ರತಿ ಸಾಕು.

ವೀಸಾ: ಈಗ ಪುಕ್ಕಟೆ ಮರುಪರಿಶೀಲನೆ ಇಲ್ಲ

ಮೊದಲು ಜರ್ಮನಿಯ ವೀಸಾ ತಿರಸ್ಕಾರವಾದರೆ ದೂತಾವಾಸಕ್ಕೇ ಪತ್ರ ಬರೆದು ಮರುಪರಿಶೀಲನೆ ಕೇಳುವ ಅವಕಾಶ ಇತ್ತು, ಅದಕ್ಕೆ ಶುಲ್ಕವೂ ಇರಲಿಲ್ಲ. 2025ರ ಜುಲೈ 1ರಿಂದ ಜರ್ಮನಿ ಈ ಪದ್ಧತಿಯನ್ನು ಎಲ್ಲಾ ದೇಶಗಳಲ್ಲೂ ರದ್ದು ಮಾಡಿತು. ಈಗ ಉಳಿದಿರುವುದು ಎರಡೇ ದಾರಿ: ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ, ಅಥವಾ ಬರ್ಲಿನ್ ಆಡಳಿತ ನ್ಯಾಯಾಲಯದಲ್ಲಿ ದಾವೆ. ಎರಡರಲ್ಲೂ ಆ ಸೆಮಿಸ್ಟರ್ ಹೋಗುವ ಸಾಧ್ಯತೆಯೇ ಹೆಚ್ಚು.

ಅಂದರೆ ಮೊದಲ ಅರ್ಜಿಯೇ ಸರಿಯಾಗಿರಬೇಕು. ಈ ಕೋರ್ಸ್ ಯಾಕೆ, ಇಲ್ಲಿ ಓದಿದ್ದಕ್ಕೂ ಅದಕ್ಕೂ ಏನು ಸಂಬಂಧ, ಓದಿದ ಮೇಲೆ ಏನು ಮಾಡ್ತೀರಿ ಎಂದು ಬರೆಯುವ ಪತ್ರವನ್ನು ವಿದ್ಯಾರ್ಥಿಯೇ ಬರೆಯಬೇಕು. ಏಜೆಂಟರ ಕಂಪ್ಯೂಟರಿನಲ್ಲಿ ಹೆಸರು ಬದಲಿಸಿ ಪ್ರಿಂಟ್ ತೆಗೆದ ಪತ್ರ ಅಧಿಕಾರಿಗಳಿಗೆ ಹೊಸದಲ್ಲ. ವೀಸಾ ಸಿಗದಿದ್ದರೆ ಬ್ಲಾಕ್ಡ್ ಅಕೌಂಟ್ ಹಣ ಸೇವಾ ಶುಲ್ಕ ಕಳೆದು ವಾಪಸ್ ಬರುತ್ತದೆ. ಏಜೆಂಟರಿಗೆ ಕೊಟ್ಟದ್ದು ಬರುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ರಸೀದಿಯ ಮೇಲೆ ಬರೆಸಿಕೊಳ್ಳಬೇಕು.

ಇಳಿದ ಮೇಲಿನ ನಲವತ್ತು ದಿನ

ಖಾತೆಯಲ್ಲಿ 12 ಲಕ್ಷ ಇದ್ದರೂ ಕೈಯಲ್ಲಿ ಹಣ ಇಲ್ಲದ ಸ್ಥಿತಿ ಮೊದಲ ವಾರಗಳಲ್ಲೇ ಬರುವುದು. ಬ್ಲಾಕ್ಡ್ ಅಕೌಂಟ್‌ನಿಂದ ಹಣ ಬರಲು ಅಲ್ಲಿ ಒಂದು ಬ್ಯಾಂಕ್ ಖಾತೆ ಬೇಕು. ಬ್ಯಾಂಕ್ ಖಾತೆಗೆ ಸಾಮಾನ್ಯವಾಗಿ ವಿಳಾಸ ನೋಂದಣಿ ಕೇಳುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ಈ ನೋಂದಣಿ ಆಗಬೇಕು, ಅದಕ್ಕೆ ಮನೆ ಮಾಲೀಕನ ಸಹಿ ಇರುವ ಪತ್ರ ಬೇಕು. ಅಂದರೆ ರೂಮ್ ಇಲ್ಲದಿದ್ದರೆ ನೋಂದಣಿ ಇಲ್ಲ, ನೋಂದಣಿ ಇಲ್ಲದಿದ್ದರೆ ಖಾತೆ ಕಷ್ಟ, ಖಾತೆ ಇಲ್ಲದಿದ್ದರೆ ಹಣ ಇಲ್ಲ.

ಆದ್ದರಿಂದ ಸೀಟು ಬಂದ ದಿನವೇ ಮಾಡಬೇಕಾದ ಮೊದಲ ಕೆಲಸ, ಅಲ್ಲಿನ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲ್‌ಗೆ ಅರ್ಜಿ ಹಾಕುವುದು. ದೊಡ್ಡ ನಗರಗಳಲ್ಲಿ ಕಾಯುವ ಪಟ್ಟಿ ತಿಂಗಳುಗಟ್ಟಲೆ ಇರುತ್ತದೆ. ಖಾಸಗಿ ರೂಮಾದರೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯವರೆಗೂ ಕೇಳಬಹುದು, ಅದಕ್ಕಿಂತ ಹೆಚ್ಚು ಕೇಳಲು ಅಲ್ಲಿನ ಕಾನೂನು ಬಿಡುವುದಿಲ್ಲ. “ನಾನು ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಕಳಿಸಿ, ಕೀ ಪೋಸ್ಟಿನಲ್ಲಿ ಕಳಿಸ್ತೀನಿ” ಎನ್ನುವ ಮಾಲೀಕ ಮೋಸಗಾರ ಎಂದೇ ತಿಳಿಯಬೇಕು. ರೂಮನ್ನು ಅಲ್ಲಿರುವ ಪರಿಚಯದವರು ಕಣ್ಣಾರೆ ನೋಡುವವರೆಗೆ ಹಣ ಕಳಿಸಬಾರದು. ಫ್ರಾಂಕ್‌ಫರ್ಟ್, ಮ್ಯೂನಿಕ್‌ನಂಥ ನಗರಗಳಲ್ಲಿ ಕನ್ನಡಿಗರ ಸಂಘಗಳಿವೆ. ಹೊರಡುವ ಮುಂಚೆಯೇ ಪರಿಚಯ ಮಾಡಿಕೊಂಡರೆ ಒಂದು ಆಸರೆ.

ಆರೋಗ್ಯ ವಿಮೆ ಇಲ್ಲದೆ ವಿ.ವಿ.ಯಲ್ಲಿ ಹೆಸರೇ ನೋಂದಣಿಯಾಗುವುದಿಲ್ಲ. 30 ವರ್ಷದೊಳಗಿನವರಿಗೆ ವಿದ್ಯಾರ್ಥಿ ದರದ ಸಾರ್ವಜನಿಕ ವಿಮೆ ತಿಂಗಳಿಗೆ ಸುಮಾರು 150 ಯೂರೋ. ಕೆಲಸ ಬಿಟ್ಟು ತಡವಾಗಿ ಓದಲು ಹೋಗುವವರಿಗೆ ಆ ದರ ಸಿಗದು. ಬಂದ ವೀಸಾ ಕೆಲವು ತಿಂಗಳದ್ದಷ್ಟೇ. ಅದು ಮುಗಿಯುವ ಮೊದಲು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು.

ಪಾರ್ಟ್ ಟೈಮ್ ನಂಬಿ ಹೋದರೆ?

“ಅಲ್ಲಿ ಹೋಗಿ ದುಡಿದು ನಾನೇ ನೋಡ್ಕೊಳ್ತೀನಿ” ಎನ್ನುವುದು ಮಕ್ಕಳ ಪ್ರಾಮಾಣಿಕ ಮಾತು. ಕಾನೂನು ಅವಕಾಶವನ್ನೂ ಕೊಟ್ಟಿದೆ. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ವಾರಕ್ಕೆ ಹತ್ತು ಗಂಟೆ ದುಡಿದರೆ ತಿಂಗಳಿಗೆ 600 ಯೂರೋ ಆಸುಪಾಸು.

ಖರ್ಚಿನ ಕಡೆ ನೋಡಿದರೆ ಸಣ್ಣ ನಗರದಲ್ಲೂ ರೂಮ್ 400, ವಿಮೆ 150, ಊಟ 200, ಸೆಮಿಸ್ಟರ್ ವಂತಿಗೆಯ ತಿಂಗಳ ಪಾಲು 50, ಫೋನ್ 15, ಮನೆಗೆ 18.36ರಂತೆ ರೇಡಿಯೋ-ಟಿವಿ ಶುಲ್ಕ. 830 ಯೂರೋ ದಾಟಿತು. ಮ್ಯೂನಿಕ್‌ನಲ್ಲಿ ಬಾಡಿಗೆಯೇ ಈ ಲೆಕ್ಕ ಕೆಡಿಸುತ್ತದೆ. ಕೆಲಸ ಸಿಕ್ಕರೂ ದುಡಿಮೆಯಿಂದ ಪೂರ್ತಿ ಖರ್ಚು ತೂಗುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ, ಜರ್ಮನ್ ಭಾಷೆ ಬಾರದೆ, ಅಂಗಡಿ ಹೋಟೆಲ್‌ಗಳಲ್ಲಿ ಕೆಲಸ ಸಿಗುವುದೂ ಕಷ್ಟ. ಸ್ವಂತ ಲೆಕ್ಕದಲ್ಲಿ ಮಾಡುವ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು, ಇಲ್ಲದೆ ಮಾಡಿದರೆ ಪರವಾನಗಿಗೇ ಕುತ್ತು. ಪರವಾನಗಿ ನವೀಕರಿಸುವಾಗ ಮುಂದಿನ ಅವಧಿಗೆ ಹಣ ಎಲ್ಲಿದೆ ಎಂದು ಮತ್ತೆ ಕೇಳುತ್ತಾರೆ. ಆ ದಿನ ಊರಿಗೆ ಫೋನ್ ಬರುತ್ತದೆ.

ಕೋರ್ಸ್ ಇಂಗ್ಲಿಷ್‌ನಲ್ಲಿದ್ದರೂ ಜರ್ಮನ್ ಕಲಿತು ಹೋಗಬೇಕು ಎನ್ನುವುದು ಇದಕ್ಕೇ. ಕೊನೇ ವರ್ಷದಲ್ಲೇ ಎ1, ಎ2 ಹಂತ ಮುಗಿಸಿದವರಿಗೆ ರೂಮ್, ಕೆಲಸ, ಮುಂದೆ ಉದ್ಯೋಗ ಎಲ್ಲದರಲ್ಲೂ ದಾರಿ ಸಲೀಸು.

ಸೂಟ್‌ಕೇಸಿನಲ್ಲಿ ಏನಿರಬೇಕು?

ಚಟ್ನಿಪುಡಿ, ಸಾಂಬಾರ್ ಪುಡಿ, ಹುಣಸೆಹಣ್ಣು, ಚಿಕ್ಕ ಕುಕ್ಕರ್ ಧಾರಾಳವಾಗಿ ಒಯ್ಯಬಹುದು. ತುಪ್ಪ, ಪೇಡ, ಖೋವಾ ಸಿಹಿ ಬೇಡ. ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿಗೆ ಹೋಗುತ್ತದೆ. ಕನ್ನಡಕ ಎರಡು ಜೊತೆ ಮಾಡಿಸಿಕೊಳ್ಳಬೇಕು, ಹಲ್ಲಿನ ತೊಂದರೆ ಇಲ್ಲೇ ಸರಿ ಮಾಡಿಸಬೇಕು. ಖಾಯಂ ಮಾತ್ರೆ ಇದ್ದರೆ ಇಂಗ್ಲಿಷ್‌ನಲ್ಲಿ ಬರೆದ ವೈದ್ಯರ ಚೀಟಿ ಜೊತೆಗಿರಲಿ. ದಪ್ಪ ಜಾಕೆಟ್, ಶೂ ಅಲ್ಲಿಯೇ ಕೊಂಡರೆ ಅಲ್ಲಿನ ಚಳಿಗೆ ಸರಿಹೋಗುತ್ತದೆ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಬೇಕು.

ಬ್ಯಾಂಕ್ ಮತ್ತು ಆಧಾರ್‌ಗೆ ಜೋಡಿಸಿದ ಇಲ್ಲಿನ ಸಿಮ್ ಅನ್ನು ಬಂದ್ ಆಗದಂತೆ ರೀಚಾರ್ಜ್ ಮಾಡಿಸುತ್ತಿರಬೇಕು, ಇಲ್ಲದಿದ್ದರೆ ಸಾಲದ ಖಾತೆಯ ಒಟಿಪಿಯೇ ಬರುವುದಿಲ್ಲ. ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯ ಹೆಸರು ನೋಂದಾಯಿಸಬೇಕು. ಎಲ್ಲಾ ದಾಖಲೆಗಳ ಒಂದು ಸೆಟ್ ಮನೆಯಲ್ಲೂ ಇರಲಿ.

ತಿಂಗಳ ಲೆಕ್ಕ, ಗೋಡೆಗೆ ಅಂಟಿಸಲು

ಅಕ್ಟೋಬರ್‌ನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರ್‌ಗೆ ಸಿದ್ಧತೆ ಹಿಂದಿನ ವರ್ಷದ ಆಗಸ್ಟ್‌ನಿಂದಲೇ ಶುರುವಾಗಬೇಕು:

• ಆಗಸ್ಟ್–ಅಕ್ಟೋಬರ್: ಪಾಸ್‌ಪೋರ್ಟ್, ಹೆಸರು ಸರಿಪಡಿಸುವುದು, ಜರ್ಮನ್ ತರಗತಿ, ಆಸ್ತಿ ಪತ್ರ
• ನವೆಂಬರ್–ಜನವರಿ: ಇಂಗ್ಲಿಷ್ ಪರೀಕ್ಷೆ, ಎಪಿಎಸ್, ವಿ.ವಿ. ಪಟ್ಟಿ
• ಫೆಬ್ರುವರಿ–ಜುಲೈ 15: ಅರ್ಜಿಗಳು. ಎಷ್ಟೋ ಕೋರ್ಸ್‌ಗಳ ಕೊನೆ ದಿನ ಮೇ 31 ಅಥವಾ ಇನ್ನೂ ಮೊದಲೇ ಇರುತ್ತದೆ
• ಸೀಟು ಬಂದ ವಾರವೇ: ಹಾಸ್ಟೆಲ್ ಅರ್ಜಿ, ಬ್ಯಾಂಕ್ ಸಾಲ, ಬ್ಲಾಕ್ಡ್ ಅಕೌಂಟ್, ವೀಸಾ ಅರ್ಜಿ
• ವೀಸಾ ಕೈಗೆ ಬಂದ ಮೇಲೆ: ಟಿಕೆಟ್

ಟಿಕೆಟ್ ಕೊನೆಯಲ್ಲಿರುವುದಕ್ಕೆ ಕಾರಣವಿದೆ. ವೀಸಾಗೆ ಮುಂಚೆ ಕೊಂಡ ಟಿಕೆಟ್‌ನ ನಷ್ಟ ಯಾರೂ ತುಂಬಿಕೊಡುವುದಿಲ್ಲ.

ಇಷ್ಟೆಲ್ಲ ಓದಿ ಹೋಗುವುದೇ ಬೇಡ ಎಂದುಕೊಳ್ಳಬೇಕಿಲ್ಲ. ಚೆನ್ನಾಗಿ ಓದಿದ, ಭಾಷೆ ಕಲಿತ, ಸರ್ಕಾರಿ ವಿ.ವಿ.ಯಲ್ಲಿ ಸೀಟು ಪಡೆದ ಹುಡುಗ ಹುಡುಗಿಗೆ ಇದು ಒಳ್ಳೆಯ ದಾರಿಯೇ. ಆದರೆ ಸಹಿ ಹಾಕುವ ಮುಂಚೆ ಮನೆಯವರೆಲ್ಲ ಒಟ್ಟಿಗೆ ಕೂತು ಒಂದು ಹಾಳೆಯಲ್ಲಿ ಎರಡೇ ಸಾಲು ಬರೆಯಲಿ: ಎರಡನೇ ವರ್ಷದ ಹಣ ಎಲ್ಲಿಂದ? ಓದಿದ ಮೇಲೆ ಒಂದು ವರ್ಷ ಕೆಲಸ ಸಿಗದಿದ್ದರೆ ಕಂತು ಯಾರು ಕಟ್ಟುತ್ತಾರೆ? ಎರಡಕ್ಕೂ ಉತ್ತರ ಇದ್ದರೆ ಧೈರ್ಯವಾಗಿ ಕಳಿಸಬಹುದು. ಇಲ್ಲದಿದ್ದರೆ ಒಂದು ವರ್ಷ ತಡೆದು, ಇಲ್ಲಿ ಕೆಲಸ ಮಾಡಿ, ಜರ್ಮನ್ ಕಲಿತು, ಒಂದಷ್ಟು ಕೂಡಿಸಿಕೊಂಡು ಹೋದರೆ ಕಳೆದುಕೊಳ್ಳುವುದು ಒಂದು ವರ್ಷ ಅಷ್ಟೇ. ಅವಸರದಲ್ಲಿ ಅಡಮಾನ ಇಟ್ಟ ಮನೆ ಬಿಡಿಸಿಕೊಳ್ಳಲು ಅದಕ್ಕಿಂತ ಬಹಳ ವರ್ಷ ಬೇಕಾಗುತ್ತದೆ.